ತಂಬ್‌ನೇಲ್‌ನಲ್ಲಿ ನಾಯಕನಟ, ವಿಡಿಯೊದಲ್ಲಿ ಬರೀ ಬೀಚು

ಹೊನ್ನಾವರ ತಾಲೂಕಿನ ಕಾಸರಕೋಡ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅಲ್ಲಿ ವಿಡಿಯೊ ಮಾಡುವ ಹುಡುಗನೊಬ್ಬ ವ್ಯೂಸ್ ಏರಲಿ ಎಂದು ‘ಕಾಸರಕೋಡದಲ್ಲಿ ಜಾಗ ಕೊಂಡ ಸ್ಟಾರ್ ನಟ!’ ಎಂದು ತಲೆಬರಹ ಕೊಟ್ಟ ಎಂದುಕೊಳ್ಳಿ. ತಂಬ್‌ನೇಲ್‌ನಲ್ಲಿ ನಟನ ಫೋಟೊ. ಒಳಗೆ ಎಂಟು ನಿಮಿಷ ಗಾಳಿಮರ, ಮರಳು, ಅಲೆ. ಇದು ಅಪರಾಧವೇ?

ಹೆಸರೆತ್ತಿದ ಮಾತ್ರಕ್ಕೆ ಅಪರಾಧವಲ್ಲ. ನಟ ನಿಜಕ್ಕೂ ಬಂದಿದ್ದರೆ ಸುದ್ದಿ ಮಾಡಬಹುದು, ಅವರ ಸಿನಿಮಾ ಚೆನ್ನಾಗಿಲ್ಲ ಎನ್ನಬಹುದು, ಅಣಕವಾಡಲೂಬಹುದು. 2023ರ ಸೆಪ್ಟೆಂಬರ್‌ನಲ್ಲಿ ಅನಿಲ್ ಕಪೂರ್ ಅವರ ಹೆಸರು, ದನಿ, ಚಿತ್ರವನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸದಂತೆ ತಡೆಯಾಜ್ಞೆ ಕೊಟ್ಟ ದೆಹಲಿ ಹೈಕೋರ್ಟ್, ಸುದ್ದಿ, ವಿಡಂಬನೆ, ಟೀಕೆಗೆ ರಕ್ಷಣೆ ಇದೆ ಎಂದೂ ಹೇಳಿದೆ. ನಮ್ಮ ಹುಡುಗನದು ಇದ್ಯಾವುದೂ ಅಲ್ಲ, ಶುದ್ಧ ಸುಳ್ಳು. ನಟ ಸಿವಿಲ್ ದಾವೆ ಹೂಡಬಹುದು. ಮಾನಹಾನಿಯಾದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮೂ ಇದೆ. ಒಳಗಿಲ್ಲದ್ದನ್ನು ತಲೆಬರಹದಲ್ಲಿ ಹೇಳಿ ಸೆಳೆಯುವ ವಿಡಿಯೊಗಳ ಮೇಲೆ ಭಾರತದಲ್ಲಿ ಕ್ರಮ ಬಿಗಿಗೊಳಿಸುವುದಾಗಿ ಯೂಟ್ಯೂಬ್ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದೆ. ನೋಡಿ ಮೋಸಹೋದವರು ಇಷ್ಟಕ್ಕೆಲ್ಲ ಠಾಣೆ ಮೆಟ್ಟಿಲು ಹತ್ತಬೇಕಿಲ್ಲ, ‘ರಿಪೋರ್ಟ್’ ಒತ್ತಿದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಹೆಸರಿನ ಹಿಂದೆ ದುಡ್ಡಿನ ಲಿಂಕ್ ಇದ್ದರೆ ಮಾತು ಬೇರೆ. ಇನ್ಫೊಸಿಸ್ ನಾರಾಯಣಮೂರ್ತಿಯವರ ಮುಖ, ದನಿ ನಕಲು ಮಾಡಿದ ಹೂಡಿಕೆ ವಿಡಿಯೊಗಳು ಹರಿದಾಡಿ, ಅವು ಸುಳ್ಳೆಂದು 2023ರ ಡಿಸೆಂಬರ್‌ನಲ್ಲಿ ಅವರೇ ಎಚ್ಚರಿಸಬೇಕಾಯಿತು. ಇಂಥದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಕಲಮಿನ ಅಪರಾಧ: ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ.

ಹಣ ಹೋಗಿದ್ದರೆ ನಾಚಿಕೆ ಬಿಟ್ಟು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಕಳಿಸಿದ ಸಮಯ, ಮೊತ್ತ, ವಹಿವಾಟಿನ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ನಿಮ್ಮ ದುಡ್ಡು ಮುಂದಿನ ಖಾತೆಯಲ್ಲಿ ಇನ್ನೂ ನಿಂತಿದ್ದರೆ ತಡೆಹಿಡಿಯಲು ಸಾಧ್ಯ. ಡ್ರಾ ಆದ ಮೇಲೆ ಕಷ್ಟ. ‘ನಾಳೆ ಮಗ ಬಂದ ಮೇಲೆ ನೋಡುವ’ ಎಂದು ಕೂತರೆ ಕಳ್ಳನಿಗೇ ಲಾಭ. ಸ್ಕ್ರೀನ್‌ಶಾಟ್ ಜೊತೆ ವಿಡಿಯೊದ ಲಿಂಕನ್ನೂ ಉಳಿಸಿಕೊಳ್ಳಿ, ವಾಟ್ಸ್‌ಆ್ಯಪ್ ಮಾತುಕತೆ ಅಳಿಸಬೇಡಿ.

ದೂರನ್ನು ಹೊನ್ನಾವರ ಠಾಣೆಯಲ್ಲಾಗಲಿ, ಕಾರವಾರದ ಸಿಇಎನ್ (ಸೈಬರ್ ಅಪರಾಧ) ಠಾಣೆಯಲ್ಲಾಗಲಿ ಕೊಡಬಹುದು. ‘ಇದು ನಮ್ಮ ಹದ್ದಿಗೆ ಬರುವುದಿಲ್ಲ’ ಎಂದು ಸಾಗಹಾಕುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಎಲ್ಲೇ ನಡೆದಿರಲಿ, ದೂರು ದಾಖಲಿಸಿಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಆಗುವುದಿಲ್ಲ ಎಂದರೆ ಅದೇ ದೂರನ್ನು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ.

ವಿಡಿಯೊ ತೆಗೆಸಲು ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಅಲ್ಲಿ ನ್ಯಾಯ ಸಿಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ವಕೀಲರ ಫೀಸಿನ ಚಿಂತೆಯಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ನೆರವು ಉಚಿತ.