ಯೂನಿಟ್ ಟೆಸ್ಟುಗಳಲ್ಲಿ ಪುನರಾವೃತ್ತಿ

ಕಂಪ್ಯೂಟರಿನ ಪ್ರೋಗ್ರಾಮಿನಲ್ಲಿ ಒಂದೊಂದು ಸಣ್ಣ ಭಾಗವೂ ತನ್ನ ಕೆಲಸವನ್ನು ಸರಿಯಾಗಿ ನಡಿಸುವದೋ ಇಲ್ಲವೋ ಎಂಬದನ್ನು ಶೋಧಿಸುವದಕ್ಕೋಸ್ಕರ ಬರೆಯಲ್ಪಡುವ ಬೇರೊಂದು ಕಿರು ಪ್ರೋಗ್ರಾಮಿಗೆ ಯೂನಿಟ್ ಟೆಸ್ಟ್ ಎಂದು ಹೆಸರು. ಜಾವಾ ಭಾಷೆಯಲ್ಲಿ ಇಂಥವುಗಳನ್ನು ಬರೆಯುವದಕ್ಕೆ 1997ರಲ್ಲಿ ಕೆಂಟ್ ಬೆಕ್, ಎರಿಕ್ ಗಾಮಾ ಎಂಬಿಬ್ಬರು ಜೆಯೂನಿಟ್ ಎಂಬ ಸಾಧನವನ್ನು ರಚಿಸಿದರು. ಟೆಸ್ಟಿಗೆ ಮೂರು ಅಂಗಗಳುಂಟು: ಬೇಕಾದುದನ್ನು ಅಣಿಮಾಡುವದು, ಕೆಲಸವನ್ನು ನಡಿಸುವದು, ಬಂದ ಉತ್ತರವನ್ನು ಬರತಕ್ಕ ಉತ್ತರದೊಡನೆ ತಾಳೆ ನೋಡುವದು.

ಒಂದು ದೃಷ್ಟಾಂತವನ್ನು ವಿಚಾರಿಸೋಣ. ಪರೀಕ್ಷಾಫಲವನ್ನು ನಿರ್ಣಯಿಸುವ ಪ್ರೋಗ್ರಾಮೊಂದಿದೆ. ನೂರಕ್ಕೆ 35 ಅಂಕಗಳು ಬಂದರೆ ತೇರ್ಗಡೆ ಎಂಬದು ಅದರ ನಿಯಮವೆಂದಿಟ್ಟುಕೊಳ್ಳಿರಿ. 0, 34, 100, 35 ಎಂಬ ಅಂಕಗಳಿಗೆ ನಾಲ್ಕು ಟೆಸ್ಟುಗಳು ಬೇಕು. ಬರೆಯುವವಳು ಒಂದನ್ನು ಬರೆದು ಉಳಿದವುಗಳನ್ನು ನಕಲು ಮಾಡುತ್ತಾಳೆ. ಹೆಸರು, ತರಗತಿ, ನೋಂದಣಿ ಸಂಖ್ಯೆ ಮುಂತಾದ ಸಾಲುಗಳು ನಾಲ್ಕರಲ್ಲಿಯೂ ಒಂದೇ. ನೂರರ ಟೆಸ್ಟನ್ನು ನಕಲು ಮಾಡಿ, ಶಿರೋನಾಮವನ್ನು 35 ಎಂದು ತಿದ್ದಿ, ಒಳಗಿನ ಅಂಕವನ್ನು ತಿದ್ದಲು ಮರೆತರೆ ಏನಾಗುವದು? ಟೆಸ್ಟು ಸರಿ ಎಂದೇ ಹೇಳುವದು. ಪ್ರೋಗ್ರಾಮಿನಲ್ಲಿ “35 ಅಥವಾ ಹೆಚ್ಚು” ಎಂಬುದರ ಬದಲು “35ಕ್ಕಿಂತ ಹೆಚ್ಚು” ಎಂದು ತಪ್ಪಾಗಿ ಬರೆದಿದ್ದರೂ ಯಾರಿಗೂ ತಿಳಿಯದು. ಸರಿಯಾಗಿ 35 ಅಂಕ ಪಡೆದ ಬಾಲಕಿಯು ಅನ್ಯಾಯವಾಗಿ ಅನುತ್ತೀರ್ಣಳಾಗುವಳು.

ಪುನರಾವೃತ್ತಿಯನ್ನು ಕಂಡುಹಿಡಿಯುವ ಬಗೆ ಹೇಗೆ? ಮೊದಲನೆಯದಾಗಿ, ಎರಡು ಟೆಸ್ಟುಗಳನ್ನು ಪಕ್ಕಪಕ್ಕದಲ್ಲಿಟ್ಟು ಭೇದವೆಲ್ಲಿ ಎಂದು ಕೇಳಬೇಕು. ಎರಡನೆಯದಾಗಿ, ಪಿಎಂಡಿ ಎಂಬ ಸಾಧನದೊಡನೆ ಬರುವ ಸಿಪಿಡಿಯು ಕೋಡನ್ನು ಪದಪದವಾಗಿ ಬಿಡಿಸಿ, ಒಂದೇ ತೆರನಾದ ಉದ್ದ ಭಾಗಗಳನ್ನು ತೋರಿಸುವದು. ಮೂರನೆಯದಾಗಿ, ವಿದ್ಯಾರ್ಥಿನಿಯ ದಾಖಲೆಗೆ ಒಂದು ಅಂಶವನ್ನು ಕೂಡಿಸಿದಾಗ ಎಲ್ಲಾ ಟೆಸ್ಟುಗಳನ್ನೂ ತಿದ್ದಬೇಕಾದರೆ, ಅದೇ ಸಾಕಾದ ಗುರುತು.

ತಿದ್ದುವಾಗ, ದಾಖಲೆಯನ್ನು ಅಣಿಮಾಡುವ ಸಾಲುಗಳನ್ನೆಲ್ಲಾ ಒಂದೇ ಸಹಾಯಕ ವಿಧಾನದೊಳಗೆ ಸೇರಿಸಿ, ಅದಕ್ಕೆ ಅಂಕವನ್ನು ಮಾತ್ರ ಕೊಡುವಂತೆ ಮಾಡಬೇಕು. 2017ರಲ್ಲಿ ಹೊರಬಂದ ಜೆಯೂನಿಟ್ 5ರಲ್ಲಿ ಇನ್ನೂ ಸುಲಭವಾದ ಮಾರ್ಗವುಂಟು: ಟೆಸ್ಟಿನ ಒಡಲು ಒಂದೇ, ಅಂಕವೂ ಬರತಕ್ಕ ಉತ್ತರವೂ ಪಟ್ಟಿಯಾಗಿ ಅದರ ಮೇಲೆ ನಿಲ್ಲುವವು. ಅಲ್ಲಿ 35ರ ಸಾಲು ತಪ್ಪಿಹೋದರೆ ಒಡನೆ ಕಣ್ಣಿಗೆ ಬೀಳುವದು.

ಆದರೆ ಮಿತಿಮೀರಬಾರದು. ಅಂಕವನ್ನೂ ಉತ್ತರವನ್ನೂ ಸಹಾಯಕ ವಿಧಾನದೊಳಗೆ ಅಡಗಿಸಿದರೆ, ಓದುವವರಿಗೆ ಟೆಸ್ಟಿನ ಅಭಿಪ್ರಾಯವೇ ತಿಳಿಯದು. ಶುಲ್ಕದ ನಿಯಮಕ್ಕೂ ತೇರ್ಗಡೆಯ ನಿಯಮಕ್ಕೂ ಬರೆದ ಟೆಸ್ಟುಗಳು ನೋಡಲು ಒಂದೇ ರೀತಿಯಾಗಿದ್ದರೂ ಅವುಗಳನ್ನು ಬೆರಸಬಾರದು. ಒಂದು ನಿಯಮವು ನಾಳೆ ಬದಲಾದರೂ ಇನ್ನೊಂದು ಬದಲಾಗಬೇಕೆಂದಿಲ್ಲ. ಬರತಕ್ಕ ಉತ್ತರವನ್ನು ಪ್ರೋಗ್ರಾಮಿನ ಸೂತ್ರದಿಂದಲೇ ಲೆಕ್ಕಿಸಿದರೆ, ಆರೋಪಿಯೇ ಸಾಕ್ಷಿಯಾದಂತಾಗುವದು.

ತಿದ್ದಿದ ಮೇಲೆ ಕೊನೆಯ ಶೋಧನೆಯೊಂದು ಅವಶ್ಯ. ಪ್ರೋಗ್ರಾಮಿನಲ್ಲಿ ಬೇಕೆಂದೇ “35ಕ್ಕಿಂತ ಹೆಚ್ಚು” ಎಂದು ಬರೆದು ಟೆಸ್ಟುಗಳನ್ನು ನಡಿಸಿರಿ. 35ರ ಸಾಲು ಸೋತರೆ ನಿಮ್ಮ ಕಾವಲು ಎಚ್ಚರವಾಗಿದೆ; ಸೋಲದಿದ್ದರೆ ಇನ್ನೂ ನಿದ್ರಿಸುತ್ತಿದೆ. ಬಳಿಕ ಪ್ರೋಗ್ರಾಮನ್ನು ಮೊದಲಿನಂತೆ ಮಾಡಿರಿ. ಟೆಸ್ಟುಗಳ ಸಂಖ್ಯೆಯಿಂದಲ್ಲ, ಅವುಗಳ ನಂಬಿಗಸ್ತಿಕೆಯಿಂದಲೇ ಆ ಬಾಲಕಿಗೆ ನ್ಯಾಯ ದೊರಕುವದು.