ಎ ಸೈಡ್, ಬಿ ಸೈಡ್: ಓದುಗರ ಪ್ರಶ್ನೆ, ಕೇಳುಗನ ಉತ್ತರ

ಪ್ರ: ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಇಬ್ಬರಲ್ಲಿ ಒಬ್ಬರ ಭಾವಗೀತೆ ಕ್ಯಾಸೆಟ್ ಮಾತ್ರ ಇಟ್ಟುಕೊಳ್ಳಬೇಕೆಂದರೆ ಯಾವುದು? ಮನೆಯಲ್ಲಿ ದಿನಾ ಇದೇ ಜಗಳ. (ಓದುಗರು, ಶಿವಮೊಗ್ಗ)

ಉ: ಈ ಜಗಳ ನಿಮ್ಮ ಮನೆಯಲ್ಲಿ ಮಾತ್ರ ಅಂದುಕೊಂಡಿರಾ? ನನ್ನ ಮತ ‘ನಿತ್ಯೋತ್ಸವ’ಕ್ಕೆ. 1978ರಲ್ಲಿ ಬಂದ ಅದನ್ನು ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎನ್ನುತ್ತಾರೆ. ಮೊದಲನೆಯದೆಂಬ ಗೌರವಕ್ಕೆ ಮತ ಹಾಕುತ್ತಿಲ್ಲ. ನಿಸಾರ್ ಅಹಮದ್ ಕವಿತೆ, ಅನಂತಸ್ವಾಮಿ ಸಂಗೀತ; ಒಂದು ಕವನ ಸಂಕಲನವನ್ನು ಕೂತು ಓದಿದ ಹಾಗೆ ಕೇಳಿಸಿಕೊಂಡು ಹೋಗುತ್ತದೆ. ಅನಂತಸ್ವಾಮಿ ಕವಿಯ ಮಾತಿಗೆ ಅಡ್ಡ ಬರುವವರಲ್ಲ. ಪದ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೋ ಅಲ್ಲೇ ಅವರ ಸ್ವರವೂ ನಿಲ್ಲುತ್ತದೆ.

ಅಶ್ವತ್ಥ್ ಜಾಯಮಾನವೇ ಬೇರೆ. ತಾರಸ್ಥಾಯಿಗೆ ಏರಿ ಪದವನ್ನು ಹಿಡಿದು ಜಗ್ಗುತ್ತಾರೆ. ‘ಮೈಸೂರು ಮಲ್ಲಿಗೆ’ಯ ಗಂಡ ಹೆಂಡಿರ ಪಿಸುಮಾತಿಗೆ ಆ ಏರುದನಿ ಅಲ್ಲಲ್ಲಿ ಹೆಚ್ಚಾಯಿತು ಎಂಬುದು ನನ್ನ ತಕರಾರು (ಅಭಿಮಾನಿಗಳು ಬೈದು ಬರೆಯಲಿ, ಅಂಚೆ ಖರ್ಚು ಅವರದೇ). ಆದರೆ ಶಿಶುನಾಳ ಶರೀಫರ ತತ್ವಪದಕ್ಕೆ ಬಂದಾಗ ಅದೇ ಗಂಟಲು ಹೇಳಿ ಮಾಡಿಸಿದಂತಿದೆ. ಆ ಒಗಟಿನ ಮಾತುಗಳನ್ನು ಮೆಲ್ಲಗೆ ಹೇಳಿದರೆ ಯಾರು ತಿರುಗಿ ನೋಡುತ್ತಾರೆ? ಆದ್ದರಿಂದ ಶರೀಫರ ಕ್ಯಾಸೆಟ್ಟನ್ನು ಮಾತ್ರ ಯಾರಿಗೂ ಕೊಡಬೇಡಿ.

ಪ್ರ: ಸಿನಿಮಾ ಹಾಡಿನ ಕ್ಯಾಸೆಟ್ಟನ್ನು ಆಲ್ಬಂ ಅನ್ನಬಹುದೇ? (ಓದುಗರು, ಹಾಸನ)

ಉ: ಎಲ್ಲವನ್ನೂ ಅಲ್ಲ. ಹಂಸಲೇಖ ಅವರ ‘ಪ್ರೇಮಲೋಕ’ವನ್ನು (1987) ಧಾರಾಳವಾಗಿ ಅನ್ನಬಹುದು. ಅಲ್ಲಿ ಸಂಭಾಷಣೆಯೇ ಹಾಡಾಗಿ ಕಥೆಯನ್ನು ಮುಂದೆ ತಳ್ಳುತ್ತದೆ.

ಪ್ರ: ಮುಂಜಾನೆತನಕ ಬೈಠಕ್ ಕೇಳಿದವರು ನಾವು. ರೆಕಾರ್ಡಿನೊಳಗ ರಾಗ ಹಿಡಿಸ್ತದೇನ್ರಿ? (ಓದುಗರು, ಧಾರವಾಡ)

ಉ: ಹಿಡಿಸುವುದಿಲ್ಲ, ಒಪ್ಪಿದೆ. 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಸಿಗುತ್ತಿದ್ದುದು ಮೂರು ನಿಮಿಷ ಚಿಲ್ಲರೆ. ಗಂಗೂಬಾಯಿ ಹಾನಗಲ್ಲರು ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಹಾಡಿದ್ದು ಅಂಥ ತಟ್ಟೆಗಳಿಗೇ. ಆದರೆ ಆ ಮೂರು ನಿಮಿಷವನ್ನು ಹಗುರಾಗಿ ಕಾಣಬೇಡಿ. ಗದುಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿದ್ದೂ ಅಂಥದೇ ತಟ್ಟೆಯಲ್ಲಿ. ಅದರ ಗುಂಗಿನಲ್ಲಿ, 1933ರಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟಾಗ ಅವರಿಗೆ ಹನ್ನೊಂದು ವರ್ಷ.

ಎಲ್‌ಪಿ ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸಿಕ್ಕಿತು. ಅದರ ಸದುಪಯೋಗ ನೋಡಬೇಕೆಂದರೆ 1967ರ ‘ಕಾಲ್ ಆಫ್ ದಿ ವ್ಯಾಲಿ’ ಕೇಳಿ. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಬಾನ್ಸುರಿ, ಬ್ರಿಜ್‌ಭೂಷಣ್ ಕಾಬ್ರಾರ ಗಿಟಾರ್. ಕಾಶ್ಮೀರದ ಕುರಿಗಾಹಿಯ ಒಂದು ದಿನ ಅದರ ವಸ್ತು. ಬೆಳಗಿನ ಅಹಿರ್ ಭೈರವದಿಂದ ಹೊರಟು ಇರುಳಿನ ಪಹಾಡಿಯಲ್ಲಿ ಮುಗಿಯುತ್ತದೆ. ಮೊಬೈಲಿನಲ್ಲಿ ‘ಶಫಲ್’ ಒತ್ತಿ ಕೇಳಿದಿರೋ, ಪಹಾಡಿ ಮುಗಿದ ಮೇಲೆ ಬೆಳಗಾಗುತ್ತದೆ!

ಪ್ರ: ಅಪ್ಪ ಬಿಟ್ಟುಹೋದ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿದೆ. ಕಂಪ್ಯೂಟರಿಗೆ ಇಳಿಸುವಾಗ ಒಂದೊಂದು ಹಾಡನ್ನೂ ಬೇರೆ ಮಾಡಬೇಕೇ? (ಓದುಗರು, ಪುತ್ತೂರು)

ಉ: ಬೂಷ್ಟು ಬಂದದ್ದನ್ನು ಹಾಗೇ ಪ್ಲೇಯರಿಗೆ ಹಾಕಬೇಡಿ, ಹೆಡ್ಡಿಗೆ ಅಂಟಿಕೊಂಡು ಮಿಕ್ಕ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅಂಥವನ್ನು ಬೇರೆ ಇಟ್ಟು, ಬಲ್ಲವರ ಕೈಗೆ ಕೊಡಿ. ಚೆನ್ನಾಗಿರುವುದನ್ನು ಕೊನೆತನಕ ಒಮ್ಮೆ ಓಡಿಸಿ ಹಿಂದಕ್ಕೆ ಸುತ್ತಿಕೊಳ್ಳಿ; ಬಿಗಿದು ಕೂತ ಟೇಪು ಸಡಿಲವಾಗುತ್ತದೆ. ಬೆನ್ನಿನ ಎರಡು ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿದರೆ, ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗುವ ಭಯವಿಲ್ಲ. ಎಂಪಿ3 ಬೇಡ, ವೇವ್ ಫೈಲಾಗಿ ಇಳಿಸಿ. ಒಂದು ಬದಿಗೆ ಒಂದೇ ಫೈಲು, ನಡುವಿನ ಖಾಲಿ ಜಾಗವೂ ಸೇರಿ. ಹಾಡು ಬಿಡಿಸುವುದನ್ನು ಆಮೇಲೆ ಅದರ ನಕಲಿನಲ್ಲಿ ಮಾಡಿಕೊಳ್ಳಿ.

ಡಬ್ಬಿಯೊಳಗಿನ ಮಡಿಕೆ ಕಾಗದದ ಎರಡೂ ಮಗ್ಗುಲನ್ನು ಮರೆಯದೆ ಸ್ಕ್ಯಾನ್ ಮಾಡಿ. ಕೊಳಲು ಯಾರದು, ತಬಲಾ ಯಾರದು ಎಂದು ಅಚ್ಚಾಗಿದ್ದರೆ ಅದು ಅಲ್ಲೇ. ಆ್ಯಪುಗಳಲ್ಲಿ ಹುಡುಕಿದರೆ ಎಷ್ಟೋ ಸಲ ಅವರ ಹೆಸರೇ ಸಿಗುವುದಿಲ್ಲ.