ಒಂದೇ ಲ್ಯಾಪ್‌ಟಾಪ್, ಎರಡು ಒಲೆ

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಒಲ್ಲೆ ಎನ್ನುವ ಹಳೆಯ ಲ್ಯಾಪ್‌ಟಾಪ್‌ಗಳು ಆಕ್ಲೆಂಡ್‌ನ ಕನ್ನಡ ಮನೆಗಳಲ್ಲೂ ಬೇಕಾದಷ್ಟಿವೆ. "ಎಸೆಯೋಕೆ ಮನಸ್ಸಿಲ್ಲ, ಲಿನಕ್ಸ್ ಹಾಕಿಕೊಡಿ. ಆದ್ರೆ ವಿಂಡೋಸೂ ಇರ್ಲಿ" ಎನ್ನುವವರಿಗೆ ಹಾಕಿಕೊಟ್ಟು ಕಲಿತದ್ದು ಇಷ್ಟು. ಇನ್‌ಸ್ಟಾಲ್ ಮಾಡುವುದೇನೂ ದೊಡ್ಡ ಕೆಲಸವಲ್ಲ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಮೇಲೆ ಬೀಗದ ಕೈ ಯಾರದು, ಉಗ್ರಾಣ ಯಾರದು ಎಂಬ ತಕರಾರು ಏಳುತ್ತದಲ್ಲ, ತಲೆನೋವೆಲ್ಲ ಅಲ್ಲಿ.

1. ಮೊದಲು ರಿಕವರಿ ಕೀ ಹುಡುಕಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಬಳಸುವವರಿಗೆ ಅದು ಗೊತ್ತೇ ಇರುವುದಿಲ್ಲ. ಸೆಕ್ಯೂರ್ ಬೂಟ್ ಸೆಟ್ಟಿಂಗ್ ಮುಟ್ಟಿದಿರೋ, ಮುಂದಿನ ಸಲ ವಿಂಡೋಸ್ 48 ಅಂಕಿಗಳ ಕೀ ಕೇಳಿ ಕೂತುಬಿಡಬಹುದು. ಆ ಕೀ ಇರುವುದು ಲ್ಯಾಪ್‌ಟಾಪನ್ನು ಮೊದಲು ಸೆಟಪ್ ಮಾಡಿದವರ ಖಾತೆಯಲ್ಲಿ. ಲ್ಯಾಪ್‌ಟಾಪ್ ಅಪ್ಪನದು, ಖಾತೆ ಡನೀಡಿನ್‌ನಲ್ಲಿ ಓದುತ್ತಿರುವ ಮಗನದು ಎಂಬ ಸ್ಥಿತಿ ಅಪರೂಪವಲ್ಲ. ಕೀಯನ್ನು ಕಾಗದದ ಮೇಲೆ ಬರೆದುಕೊಂಡು, ಫೋಟೋಗಳನ್ನೆಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿದ ಮೇಲೆಯೇ ಮುಂದಿನ ಮಾತು.

2. ವಿಂಡೋಸ್‌ನ ಜಾಗವನ್ನು ವಿಂಡೋಸ್‌ನಿಂದಲೇ ಕುಗ್ಗಿಸಿ. ಡಿಸ್ಕ್ ಮ್ಯಾನೇಜ್‌ಮೆಂಟ್ ಸಾಕು.

3. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಡಿಸ್ಕಿನ ಹಿಡಿತ ಬಿಡುವುದಿಲ್ಲ. ಆಮೇಲೆ ಲಿನಕ್ಸ್‌ನಲ್ಲಿ ಆ ಡ್ರೈವ್ ತೆರೆದರೆ ಓದಬಹುದು, ಬರೆಯಲಾಗದು.

4. ಗಡಿಯಾರ ನೋಡಿ. ಈ ದೇಶದಲ್ಲಿ ಇದೇ ದೊಡ್ಡ ಪಾಠ. ಮದರ್‌ಬೋರ್ಡ್ ಮೇಲೊಂದು ಪುಟ್ಟ ಗಡಿಯಾರವಿರುತ್ತದೆ. ಅದರಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ನಂಬುತ್ತದೆ, ಯುಟಿಸಿ ಎಂದು ಲಿನಕ್ಸ್ ನಂಬುತ್ತದೆ. ಬೆಂಗಳೂರಿನಲ್ಲಾದರೆ ಐದೂವರೆ ಗಂಟೆ ವ್ಯತ್ಯಾಸ, ಯಾರ ಕಣ್ಣಿಗೂ ಬೀಳುತ್ತದೆ. ಇಲ್ಲಿ ಚಳಿಗಾಲದಲ್ಲಿ ವ್ಯತ್ಯಾಸ ಸರಿಯಾಗಿ 12 ಗಂಟೆ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಬಂದರೆ ಬೆಳಗಿನ 9:15 ಇದ್ದದ್ದು ಹಿಂದಿನ ರಾತ್ರಿಯ 9:15 ಆಗಿರುತ್ತದೆ. ಪರದೆಯ ಮೂಲೆಯ ಅಂಕಿಗಳು ಮಾತ್ರ ಅವೇ. ಪಕ್ಕದ 'ಪಿಎಂ' ಯಾರು ಓದುತ್ತಾರೆ? ಫೈಲಿನ ತಾರೀಕು ನಿನ್ನೆಯದಾಗಿ, ಎರಡು ಪ್ರತಿಗಳಲ್ಲಿ ಹೊಸದು ಯಾವುದೆಂದು ತಿಳಿಯದಾದಾಗಲೇ ಅನುಮಾನ ಹುಟ್ಟುವುದು. ಬೇಸಿಗೆಯಲ್ಲಿ ವ್ಯತ್ಯಾಸ 13 ಗಂಟೆ. ಆಗ ಗಡಿಯಾರ ಬರೀ ಒಂದು ಗಂಟೆ ಹಿಂದಿದ್ದಂತೆ ಕಾಣುತ್ತದೆ. "ಡೇಲೈಟ್ ಸೇವಿಂಗ್ ಬದಲಾಗಿಲ್ಲ ಅಷ್ಟೇ" ಎಂದು ಮನೆಯವರು ಟೈಮ್‌ಝೋನ್ ತಿದ್ದಿ ಇನ್ನಷ್ಟು ಕೆಡಿಸಿರುತ್ತಾರೆ.

ಇಡೀ ದೇಶಕ್ಕೆ ಒಂದೇ ಸಮಯ ಎಂದು 1868ರಲ್ಲೇ ಕಾನೂನುಬದ್ಧ ಮಾಡಿದ ನಾಡು ಇದು. ಆಗ ಇಟ್ಟುಕೊಂಡದ್ದು ಗ್ರೀನಿಚ್‌ಗಿಂತ ಹನ್ನೊಂದೂವರೆ ಗಂಟೆ ಮುಂದೆ. 1946ರಲ್ಲಿ ಅದು 12 ಆಗಿ ನೆಲೆಯಾಯಿತು. ಆ ಅರ್ಧ ಗಂಟೆ ಉಳಿದಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು. ಇಂದಿಗೂ ಇಲ್ಲಿಗಿಂತ 45 ನಿಮಿಷ ಮುಂದಿರುವ ಚಾಥಮ್ ದ್ವೀಪದವರು ಪುಣ್ಯವಂತರು, ಅವರಿಗೆ ತಪ್ಪು ತಕ್ಷಣ ಕಾಣುತ್ತದೆ.

ಪರಿಹಾರ ಎರಡು. ಲಿನಕ್ಸ್‌ಗೆ ಸ್ಥಳೀಯ ಸಮಯ ಒಪ್ಪಿಸುವುದು ಸುಲಭ, ಆದರೆ ನಾನು ಹಾಗೆ ಮಾಡುವುದಿಲ್ಲ. ಸೆಪ್ಟೆಂಬರಿನ ಕೊನೆಯ ಭಾನುವಾರ, ಏಪ್ರಿಲ್‌ನ ಮೊದಲ ಭಾನುವಾರ ಗಡಿಯಾರ ತಿರುಗಿಸುವವರು ಯಾರು ಎಂಬ ಗೊಂದಲ ವರ್ಷವರ್ಷವೂ ಬರುತ್ತದೆ. ಬದಲಿಗೆ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ 'ರಿಯಲ್‌ಟೈಮ್‌ಈಸ್‌ಯೂನಿವರ್ಸಲ್' ಎಂಬುದನ್ನು 1 ಮಾಡಿ, ಅದನ್ನೇ ಯುಟಿಸಿಗೆ ತರುತ್ತೇನೆ. ಯುಟಿಸಿಗೆ ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ.

5. ಕೀಲಿಮಣೆಯನ್ನು ಅವರ ಮುಂದೆಯೇ ಹೊಂದಿಸಿ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಕೆ.ಪಿ. ರಾವ್ ಅವರ ವಿನ್ಯಾಸವೇ ಬೇಕು. ಲಿನಕ್ಸ್‌ನಲ್ಲಿ ಐಬಸ್ ಮತ್ತು ಎಂ17ಎನ್ ಹಾಕಿದರೆ ಅದು 'ಕೆಜಿಪಿ' ಎಂಬ ಹೆಸರಿನಲ್ಲಿ ಸಿಗುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಮಾವೊರಿ ಕೀಲಿಮಣೆಯೂ ಬೇಕು, ದೀರ್ಘ ಸ್ವರದ ಗೆರೆಗಾಗಿ. ಆ ಗೆರೆ ಹಾಕುವ ಕೀಲಿ ಎರಡು ವ್ಯವಸ್ಥೆಗಳಲ್ಲೂ ಒಂದೇ ಅಲ್ಲ. ಮಕ್ಕಳು ಒಂದೇ ದಿನಕ್ಕೆ ಕಲಿಯುತ್ತಾರೆ, ದೊಡ್ಡವರು ಗೊಣಗುತ್ತಾರೆ. ಇನ್ನು ಹಳೆಯ ನುಡಿ, ಬರಹ ಫೈಲುಗಳು. ಯೂನಿಕೋಡ್ ಅಲ್ಲದ ಅವು ಲಿಬ್ರೆಆಫೀಸ್‌ನಲ್ಲಿ ರೋಮನ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತವೆ. ವಿಂಡೋಸ್ ಉಳಿಸಿಕೊಳ್ಳಲು ಅನೇಕರಿಗೆ ಇರುವ ನಿಜವಾದ ಕಾರಣ ಇದೇ. ಅಲ್ಲೇ ಕೂತು ಯೂನಿಕೋಡ್‌ಗೆ ಪರಿವರ್ತಿಸಿ, ಎರಡೂ ಕಡೆ ತೆರೆಯುವ ಒಂದು ಫೋಲ್ಡರ್‌ಗೆ ಹಾಕಿಕೊಡಿ.

6. ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್ ಅಳಿಸಬೇಡಿ. 2024ರ ಆಗಸ್ಟ್‌ನಲ್ಲಿ ವಿಂಡೋಸ್‌ನ ಒಂದು ಅಪ್‌ಡೇಟ್ ಬಂದ ಮೇಲೆ ಜಗತ್ತಿನ ಹಲವೆಡೆ ಇಂಥ ಜೋಡಿ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. ಹಳೆಯ ಬೂಟ್‌ಲೋಡರನ್ನು ಸೆಕ್ಯೂರ್ ಬೂಟ್ ತಿರಸ್ಕರಿಸಿತ್ತು. ಪೆನ್‌ಡ್ರೈವಿನಲ್ಲಿ ಲಿನಕ್ಸ್‌ನ ಹೊಸ ಆವೃತ್ತಿ ಆಗಾಗ ತುಂಬಿಸಿ, ರಿಕವರಿ ಕೀ ಬರೆದ ಕಾಗದದ ಜೊತೆಗೇ ಇಟ್ಟುಕೊಳ್ಳಲು ಹೇಳುತ್ತೇನೆ. ಡಿಸ್ಕ್ ಹಾಕಲು ಇನ್ನೊಂದು ಸ್ಲಾಟ್ ಇರುವ ಲ್ಯಾಪ್‌ಟಾಪ್ ಆದರೆ ಲಿನಕ್ಸ್‌ಗೆ ಬೇರೆಯದೇ ಎಸ್‌ಎಸ್‌ಡಿ ಕೊಡಿಸುತ್ತೇನೆ. ಆಗ ಎರಡನೆಯ ಪಾಠದ ಗೊಡವೆಯೇ ಇರುವುದಿಲ್ಲ.